ಹನಿಗಿಂತ ಮೊದಲು ಹನಿಯ ಹಿಂದೆ ನೋಡಿ

ಮನೆಯಲ್ಲೇ ನೀರಿನ ಹನಿಗಳ ಫೋಟೊ ತೆಗೆಯುವ ಬಗ್ಗೆ ಈ ಸಲ ಪ್ರಶ್ನೆಗಳು ಜಾಸ್ತಿ ಬಂದಿವೆ. ಅವುಗಳಲ್ಲಿ ಮೂರಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಇಳಕಲ್‌ನಲ್ಲಿ ಡಿಗ್ರಿ ಓದುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಅದರ ಜೊತೆ ಬಂದ 18-55 ಲೆನ್ಸ್ ಮತ್ತು ಒಂದು ಫ್ಲ್ಯಾಶ್ ಇದೆ. ಬೋಗುಣಿಯ ನೀರಿಗೆ ಬೀಳುವ ಹನಿಯನ್ನು ಹಿಡಿಯಲು ನೋಡಿದೆ. ಶಟರ್ ಸ್ಪೀಡ್ ಏರಿಸಿದರೆ ಅರ್ಧ ಫೋಟೊ ಕಪ್ಪಾಗುತ್ತದೆ. ಇಳಿಸಿದರೆ ಹನಿ ಗೆರೆಯಂತೆ ಬರುತ್ತದೆ. ಮ್ಯಾಕ್ರೋ ಲೆನ್ಸ್ ಇಲ್ಲದೆ ಇದು ಆಗುವುದಿಲ್ಲವೇ?

ಉತ್ತರ: ಆಗುತ್ತದೆ. ಚಿಕ್ಕ ವಸ್ತುವನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸ್ ಬೇಡ, ನಿಮ್ಮ ಲೆನ್ಸ್ ಸಾಕು. ಜೂಮನ್ನು 55ಕ್ಕೆ ಇಟ್ಟು, ಫೋಕಸ್ ಸಿಗುವಷ್ಟು ಹತ್ತಿರ ಹೋದರೆ ಏಳೆಂಟು ಸೆಂ.ಮೀ. ಅಗಲದ ಜಾಗ ಫ್ರೇಮ್ ತುಂಬ ಬರುತ್ತದೆ. ಹನಿ ಬಿದ್ದ ಮೇಲೆ ಏಳುವ ನೀರಿನ ಕಂಬಕ್ಕೆ ಅಷ್ಟು ಹತ್ತಿರವಾದರೆ ಸಾಕು.

ಸರಿ ಮಾಡಬೇಕಾದದ್ದು ಫ್ಲ್ಯಾಶನ್ನು. 40 ಸೆಂ.ಮೀ. ಮೇಲಿಂದ ಬಿದ್ದ ಹನಿ ನೀರು ಮುಟ್ಟುವ ಹೊತ್ತಿಗೆ ಸೆಕೆಂಡಿಗೆ 2.8 ಮೀಟರ್ ವೇಗ ಪಡೆದಿರುತ್ತದೆ. 1/200 ಸೆಕೆಂಡಿನಲ್ಲಿ ಅದು 14 ಮಿ.ಮೀ. ಕೆಳಗಿಳಿಯುತ್ತದೆ. ನಿಮಗೆ ಕಂಡ ಗೆರೆ ಅದೇ. ಶಟರ್ ಇನ್ನೂ ಏರಿಸೋಣ ಎಂದರೆ, ಹೆಚ್ಚಿನ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಜೊತೆ 1/200ರ ಆಸುಪಾಸಿಗೇ ಮಿತಿ ಮುಗಿಯುತ್ತದೆ. ಅದನ್ನು ದಾಟಿದರೆ ಶಟರ್‌ನ ಪರದೆ ಸೆನ್ಸರ್‌ನ ಒಂದು ಭಾಗವನ್ನು ಮುಚ್ಚಿರುವಾಗಲೇ ಫ್ಲ್ಯಾಶ್ ಮಿಂಚುತ್ತದೆ. ಅರ್ಧ ಫೋಟೊ ಕಪ್ಪಾಗುವುದು ಅದಕ್ಕೇ.

ಆದ್ದರಿಂದ ಶಟರ್ 1/160ರಲ್ಲಿ ಇರಲಿ. ಪಡಸಾಲೆಯ ಕಿಟಕಿ, ಬಾಗಿಲು ಮುಚ್ಚಿ, ಹನಿ ಕಣ್ಣಿಗೆ ಕಾಣುವಷ್ಟು ಮಾತ್ರ ಬೆಳಕು ಉಳಿಸಿ ಕತ್ತಲು ಮಾಡಿ. ಕತ್ತಲಲ್ಲಿ ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಫೋಟೊ ಮೂಡುವುದು ಫ್ಲ್ಯಾಶ್ ಬೆಳಗಿದ ಆ ಗಳಿಗೆಯಲ್ಲಿ ಮಾತ್ರ. ಇಲ್ಲೊಂದು ಗುಟ್ಟಿದೆ. ಫ್ಲ್ಯಾಶ್‌ನ ಪವರ್ ಇಳಿಸಿದಷ್ಟೂ ಅದು ಬೆಳಗುವ ಕಾಲ ಚಿಕ್ಕದಾಗುತ್ತದೆ. ಪೂರ್ತಿ ಪವರ್‌ನಲ್ಲಿ ಅದು 1/1000 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಹೊತ್ತು ಬೆಳಗುತ್ತದೆ. ಅಷ್ಟರಲ್ಲಿ ಹನಿ ಸುಮಾರು 3 ಮಿ.ಮೀ. ಸರಿದಿರುತ್ತದೆ. ಮ್ಯಾನ್ಯುಅಲ್‌ಗೆ ಹಾಕಿ 1/32 ಅಥವಾ 1/64 ಪವರ್‌ಗೆ ಇಳಿಸಿ. ಆಗ ಹಲವು ಫ್ಲ್ಯಾಶ್‌ಗಳು 1/10000 ಸೆಕೆಂಡಿಗಿಂತ ಕಡಿಮೆ ಹೊತ್ತು ಬೆಳಗುತ್ತವೆ. 1/20000 ಸೆಕೆಂಡ್ ಎಂದರೆ ಹನಿಯ ಓಟ ಬರೀ 0.14 ಮಿ.ಮೀ. ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದ ಹೆರಾಲ್ಡ್ ಎಡ್ಜರ್ಟನ್ 1957ರಲ್ಲಿ ತೆಗೆದ ಹಾಲಿನ ಹನಿಯ ಕಿರೀಟದ ಫೋಟೊವನ್ನು ನೀವು ನೋಡಿರಬಹುದು. ಅದಕ್ಕೂ ಆಧಾರ ಇಂಥ ಚಿಕ್ಕ ಮಿಂಚೇ. ಅವರು 1930ರ ದಶಕದಿಂದಲೂ ಅದರ ಬೆನ್ನು ಹತ್ತಿದ್ದರು. ಇವತ್ತು ಅದು ನಿಮ್ಮ ಫ್ಲ್ಯಾಶ್‌ನ ಒಂದು ಗುಂಡಿಯಲ್ಲಿದೆ!

ಇನ್ನು ಫ್ಲ್ಯಾಶನ್ನು ಯಾವ ಕಡೆ ತಿರುಗಿಸಬೇಕು? ಹೆಚ್ಚಿನವರು ಹನಿಯ ಕಡೆ ತಿರುಗಿಸುತ್ತಾರೆ. ಆಗ ಬರುವುದು ಒಂದು ಬಿಳಿ ಚುಕ್ಕೆ, ಸುತ್ತ ಕತ್ತಲು. ನೀರಿಗೆ ತನ್ನದೇ ಬಣ್ಣವಿಲ್ಲ, ಅಲ್ವಾ? ಅದರ ಹಿಂದೆ ಏನಿದೆಯೋ ಅದನ್ನೇ ಅದು ತೋರಿಸುತ್ತದೆ. ಹಾಗಾಗಿ ಬೆಳಗಬೇಕಾದದ್ದು ಹಿಂದಿನ ಪರದೆಯನ್ನು. ನೀವು ಇಳಕಲ್‌ನವರು, ಮನೆಯಲ್ಲಿ ಕೆಂಪು ಸೆರಗಿನ ಸೀರೆ ಇದ್ದೇ ಇರುತ್ತದೆ. ಬೋಗುಣಿಯ ಹಿಂದೆ ಒಂದು ಮೊಳ ದೂರದಲ್ಲಿ ಸೆರಗನ್ನು ಇಳಿಬಿಡಿ. ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಚ್ಚಿ ಪಕ್ಕದಲ್ಲಿಟ್ಟು, ಸೆರಗಿನ ಕಡೆ ತಿರುಗಿಸಿ. ದೂರವಿಟ್ಟ ಫ್ಲ್ಯಾಶನ್ನು ಕ್ಯಾಮೆರಾದಿಂದಲೇ ಮಿಂಚಿಸಲು ಒಂದು ರೇಡಿಯೊ ಟ್ರಿಗರ್ ಬೇಕಾಗುತ್ತದೆ. ನೀವು ಹೆಚ್ಚು ದುಡ್ಡು ಹಾಕಬೇಕಾದ ವಸ್ತು ಅದೊಂದೇ. ಆ ಕೆಂಪು, ಅದರ ಬಿಳಿ ತೆನೆಗಳು ಎಲ್ಲವೂ ನೀರಿನ ಮೇಲೆ ಹರಡಿ ಹನಿಯೊಳಗೂ ಇಳಿಯುತ್ತವೆ. ಫ್ಲ್ಯಾಶ್‌ಗೆ ತೆಳುವಾದ ಪ್ಲಾಸ್ಟಿಕ್ ಚೀಲ ತೊಡಿಸಿರಿ. ಅದರೊಳಗೆ ದೊಡ್ಡ ವೋಲ್ಟೇಜ್ ಇರುತ್ತದೆ, ನೀರು ತಾಗಬಾರದು.

ಹನಿ ಬೀಳಿಸಲು ಮೆಡಿಕಲ್ ಅಂಗಡಿಯಿಂದ ಹೊಸ ಸಲೈನ್ ಸೆಟ್ ತನ್ನಿ. ಸೂಜಿ ಬೇಡ. ಬಾಗಿಲ ಚೌಕಟ್ಟಿನ ಮೊಳೆಗೆ ನೀರಿನ ಬಾಟಲಿ ತೂಗುಹಾಕಿ, ಸೆಟ್‌ನ ಚಕ್ರ ತಿರುಗಿಸಿ ಎರಡು ಮೂರು ಸೆಕೆಂಡಿಗೊಂದು ಹನಿ ಬೀಳುವಂತೆ ಮಾಡಿ. ಕೊಳವೆಯ ತುದಿ ಅಲುಗಾಡದಂತೆ ಕಟ್ಟಿರಿ. ಬೋಗುಣಿಯನ್ನು ಅಂಚಿನವರೆಗೆ ತುಂಬಿಸಿ, ಕೆಳಗೆ ಪರಾತ ಇಡಿ. ಅಂಚಿನವರೆಗೆ ತುಂಬಿದರೆ ಬೋಗುಣಿಯ ಕಂಠ ಫೋಟೊದಲ್ಲಿ ಅಡ್ಡ ಬರುವುದಿಲ್ಲ. ಹನಿ ಬೀಳುವ ಜಾಗದ ಮೇಲೆ ಒಂದು ಕಸಬರಿಗೆ ಕಡ್ಡಿ ಅಡ್ಡ ಇಟ್ಟು, ಅದಕ್ಕೆ ಕೈಯಲ್ಲೇ ಫೋಕಸ್ ಮಾಡಿ. ಆಟೋಫೋಕಸ್ ಬಂದ್ ಮಾಡಿ, ಕಡ್ಡಿ ತೆಗೆಯಿರಿ. ಅಪರ್ಚರ್ (ಲೆನ್ಸ್‌ನೊಳಗೆ ಬೆಳಕು ಬರುವ ಕಿಂಡಿ) ಎಫ್/11, ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 400ರಿಂದ ಶುರು ಮಾಡಿ.

ಗುಂಡಿ ಯಾವಾಗ ಒತ್ತಬೇಕು? ಹನಿ ನೀರಿಗೆ ಬಿದ್ದದ್ದನ್ನು ಕಂಡು ಒತ್ತಿದರೆ ತಡವಾಗಿರುತ್ತದೆ. 40 ಸೆಂ.ಮೀ. ಎತ್ತರದಿಂದ ಬೀಳಲು ಹನಿಗೆ ಬೇಕಾಗುವುದು 0.29 ಸೆಕೆಂಡ್. ಕಣ್ಣು ಕಂಡು, ಕೈ ಒತ್ತಿ, ಕ್ಯಾಮೆರಾ ತೆರೆಯಲು ಬೇಕಾಗುವುದೂ ಹತ್ತಿರಹತ್ತಿರ ಅಷ್ಟೇ. ಆದ್ದರಿಂದ ಹನಿ ಕೊಳವೆಯ ತುದಿ ಬಿಟ್ಟ ಕೂಡಲೇ ಒತ್ತಿರಿ. ಫೋಟೊದಲ್ಲಿ ಹನಿ ಇನ್ನೂ ಗಾಳಿಯಲ್ಲೇ ಇದ್ದರೆ ಕೊಳವೆಯನ್ನು ಸ್ವಲ್ಪ ಕೆಳಗಿಳಿಸಿ. ಎಲ್ಲ ಮುಗಿದು ಅಲೆ ಮಾತ್ರ ಸಿಕ್ಕರೆ ಮೇಲೇರಿಸಿ. ಹೀಗೆ ಎತ್ತರವೇ ನಿಮ್ಮ ಟೈಮರ್ ಆಗುತ್ತದೆ. ದುಬಾರಿ ಎಲೆಕ್ಟ್ರಾನಿಕ್ ಸಾಧನ ಬೇಕಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಕಂಬ ಬೇಕೆಂದರೆ ಎರಡು ಮೂರು ಇಂಚು ಆಳದ ನೀರಿರಬೇಕು. ಹನಿ ಮೊದಲು ನೀರಲ್ಲಿ ಗುಂಡಿ ಮಾಡುತ್ತದೆ. ಆ ಗುಂಡಿ ಮುಚ್ಚಿಕೊಳ್ಳುವ ರಭಸಕ್ಕೆ ಕಂಬ ಏಳುತ್ತದೆ. ಕಿರೀಟ ಬೇಕೆಂದರೆ ತಟ್ಟೆಯಲ್ಲಿ ತೆಳ್ಳಗೆ ಹಾಲು ಹರಡಿದರೆ ಸಾಕು.

ಪ್ರಶ್ನೆ: ನಾನು ವಿಜಯಪುರದ ಗೃಹಿಣಿ. ನನ್ನ ಹತ್ತಿರ ಇರುವುದು ಫೋನ್ ಮತ್ತು ಅದಕ್ಕೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್. ಎಲೆಯ ತುದಿಯ ಹನಿಯೊಳಗೆ ಗೋಳಗುಮ್ಮಟ ಕಾಣುವ ಫೋಟೊ ತೆಗೆಯುವ ಆಸೆ. ಮಾಳಿಗೆಯಿಂದ ಗುಮ್ಮಟ ಕಾಣುತ್ತದೆ, ಆದರೆ ಹನಿಯಲ್ಲಿ ಕಾಣುವುದಿಲ್ಲ. ಹನಿಯೂ ಬೇಗ ಒಣಗಿ ಎಲೆಯ ಮೇಲೆ ಬಿಳಿ ಕಲೆ ಉಳಿಯುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಆಸೆ ನನಗೆ ಬಹಳ ಹಿಡಿಸಿತು. ಹನಿ ಒಂದು ಪುಟ್ಟ ಲೆನ್ಸ್. ಹಿಂದಿರುವುದನ್ನು ತಲೆಕೆಳಗಾಗಿ, ತುಂಬಾ ಚಿಕ್ಕದಾಗಿ ತೋರಿಸುತ್ತದೆ. ಗುಮ್ಮಟದ ಎತ್ತರ ಸುಮಾರು 50 ಮೀಟರ್. ನೀವು ಅರ್ಧ ಕಿಲೊಮೀಟರ್ ದೂರದಲ್ಲಿದ್ದರೆ 4 ಮಿ.ಮೀ. ಹನಿಯಲ್ಲಿ ಅದು ಅರ್ಧ ಮಿ.ಮೀ. ಕೂಡ ಬರುವುದಿಲ್ಲ. ಹನಿಯೊಳಗೆ ಅದು ಇದ್ದೇ ಇರುತ್ತದೆ, ಆದರೆ ಫೋನಿಗೆ ಸಿಗುವಷ್ಟು ದೊಡ್ಡದಿಲ್ಲ. ಗುಮ್ಮಟದ ಮುಂದಿನ ಉದ್ಯಾನದಲ್ಲಿ ನೂರು ಮೀಟರ್ ದೂರದಿಂದ ತೆಗೆದರೆ ಚೆನ್ನಾಗಿ ಕಾಣುತ್ತದೆ.

ಮನೆಯಲ್ಲೇ ತೆಗೆಯಲು ಸುಲಭದ ದಾರಿ ಇದೆ. ಗುಮ್ಮಟದ ಒಂದು ಫೋಟೊವನ್ನು ಪೋಸ್ಟ್‌ಕಾರ್ಡ್ ಅಳತೆಗೆ ಪ್ರಿಂಟ್ ಹಾಕಿಸಿ. ಹನಿಯ ಹಿಂದೆ ಒಂದು ಗೇಣು ದೂರದಲ್ಲಿ ತಲೆಕೆಳಗಾಗಿ ನಿಲ್ಲಿಸಿ. ಹನಿ ಅದನ್ನು ನೆಟ್ಟಗೆ ಮಾಡಿ ತೋರಿಸುತ್ತದೆ. ಬಿಸಿಲು ಪ್ರಿಂಟ್ ಮೇಲೆ ಬೀಳಲಿ, ಹನಿ ನೆರಳಲ್ಲಿರಲಿ. ಮೇಲೆ ಇಳಕಲ್‌ನವರಿಗೆ ಹೇಳಿದ ಮಾತು ಇಲ್ಲಿಯೂ ನಿಲ್ಲುತ್ತದೆ. ಫೋನಿನ ಫ್ಲ್ಯಾಶ್ ಖಂಡಿತ ಬೇಡ.

ಫೋಕಸ್‌ನಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಗುಮ್ಮಟದ ಚಿತ್ರ ಮೂಡುವುದು ಹನಿಯ ಮೈಮೇಲೆ ಅಲ್ಲ, ಒಳಗೂ ಅಲ್ಲ. ಹನಿಯಿಂದ ಸ್ವಲ್ಪ ಈಚೆಗೆ, ನಿಮ್ಮ ಲೆನ್ಸ್‌ನ ಕಡೆಗೆ. 4 ಮಿ.ಮೀ. ಹನಿಗೆ ಸುಮಾರು 2 ಮಿ.ಮೀ. ಈಚೆ. ಆದ್ದರಿಂದ ಮೊದಲು ಹನಿಯ ಅಂಚಿಗೆ ಫೋಕಸ್ ಮಾಡಿ, ಪರದೆಯ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ. ಆಮೇಲೆ ಫೋನನ್ನು ಕೂದಲೆಳೆಯಷ್ಟೇ ಹಿಂದೆ ಸರಿಸುತ್ತ ಹೋಗಿ. ಗುಮ್ಮಟ ಗೆರೆಗೆರೆಯಾಗಿ ಸ್ಪಷ್ಟವಾಗುವ ಜಾಗ ಸಿಗುತ್ತದೆ. ಫೋನನ್ನು ಪುಸ್ತಕಗಳ ಮೇಲೆ ಇಟ್ಟು ಸರಿಸಿದರೆ ಕೈ ನಡುಗುವುದಿಲ್ಲ.

ಬಿಳಿ ಕಲೆ ನಮ್ಮ ಬೋರಿನ ಸವುಳು ನೀರಿನದು. ನೀರು ಆರಿದ ಮೇಲೆ ಅದರಲ್ಲಿದ್ದ ಉಪ್ಪಿನಂಶ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತನ್ನಿ. ಅದಕ್ಕೆ ಸಮಪಾಲು ಗ್ಲಿಸರಿನ್ ಬೆರೆಸಿ. ವಿಜಯಪುರದ ಬೇಸಿಗೆಯಲ್ಲೂ ಹನಿ ಬೇಗ ಆರುವುದಿಲ್ಲ. ಇನ್ಸುಲಿನ್ ಸಿರಿಂಜ್‌ನಿಂದ ಎಲೆಯ ತುದಿಗೆ ನಿಧಾನ ಇಳಿಸಿ. ತುದಿಯಲ್ಲಿ ತೂಗುವ ಬದಲು ಎಲೆಯ ಮೇಲೆ ದುಂಡಗೆ ಕೂರುವ ಹನಿ ಬೇಕಿದ್ದರೆ ಗ್ಲಿಸರಿನ್ ಬಿಟ್ಟು ಬರೀ ನೀರು ಹಾಕಿ, ಕ್ಯಾಬೇಜಿನ ಹೊರಗಿನ ಎಲೆ ಅಥವಾ ಕೆಸುವಿನ ಎಲೆ ಆರಿಸಿಕೊಳ್ಳಿ. ಅವುಗಳ ಮೇಲೆ ಮೇಣದ ಸಣ್ಣ ಪದರವಿದೆ, ನೀರು ಅಂಟುವುದಿಲ್ಲ. ಎಲೆಯ ಮೇಲೆ ಹುಳ, ಚಿಟ್ಟೆ ಇದ್ದರೆ ಗ್ಲಿಸರಿನ್ ಸಿಂಪಡಿಸಬೇಡಿ. ಅವುಗಳ ಮೈಗೆ ಅಂಟಿದರೆ ಜೀವಕ್ಕೇ ತೊಂದರೆ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತೀರಲ್ಲ, ಆ ದಿನ ಒಬ್ಬರಾದರೂ ಬೆಳಗಾಗುವ ಮುಂಚೆ ಹೊರಡಿ. ಹಿಂಗಾರಿ ಜೋಳದ ಎಲೆ ತುದಿಗಳಲ್ಲಿ ಸಾಲು ಹನಿಗಳಿರುತ್ತವೆ. ಅವೆಲ್ಲ ಇಬ್ಬನಿ ಅಲ್ಲ. ಬೇರು ಹೀರಿದ ನೀರನ್ನು ಗಿಡವೇ ರಾತ್ರಿ ಎಲೆಯ ಅಂಚಿನಿಂದ ಹೊರಗೆ ಬಿಟ್ಟಿರುತ್ತದೆ. ಬಿಸಿಲೇರುವ ತನಕ ಮಾತ್ರ ನಿಮಗೆ ಸಮಯ.

ಪ್ರಶ್ನೆ: ಬೆಳಗಾವಿಯ ನಿವೃತ್ತ ಶಿಕ್ಷಕ ನಾನು. 50 ಎಂಎಂ ಲೆನ್ಸ್ ಇದೆ. ಹನಿಗಳಿಗಾಗಿ ಮ್ಯಾಕ್ರೋ ಲೆನ್ಸ್ ಕೊಳ್ಳಲೇ, ಎಕ್ಸ್‌ಟೆನ್ಶನ್ ಟ್ಯೂಬ್ ಸಾಕೇ? ನಮ್ಮಲ್ಲಿ ಮಳೆಗಾಲದಲ್ಲಿ ಲೆನ್ಸ್‌ಗೆ ಬೂಸ್ಟು ಹತ್ತುತ್ತದೆ. ಅದಕ್ಕೇನು ಮಾಡಬೇಕು?

ಉತ್ತರ: ಸರ್, ಸದ್ಯಕ್ಕೆ ಟ್ಯೂಬ್ ಸಾಕು. ಕ್ಯಾಮೆರಾ ಮತ್ತು ಲೆನ್ಸ್ ನಡುವೆ ಹಾಕುವ ಟೊಳ್ಳು ಕೊಳವೆ ಅದು. 50 ಎಂಎಂ ಲೆನ್ಸ್‌ಗೆ 50 ಎಂಎಂ ಟ್ಯೂಬ್ ಸೇರಿದರೆ ಹನಿ ಎಷ್ಟಿದೆಯೋ ಅಷ್ಟೇ ಗಾತ್ರದಲ್ಲಿ ಸೆನ್ಸರ್ ಮೇಲೆ ಬೀಳುತ್ತದೆ. ಮೂರು ಟ್ಯೂಬ್‌ಗಳ ಸೆಟ್ ಸಿಗುತ್ತದೆ, ಒಟ್ಟು ಸುಮಾರು 65 ಎಂಎಂ. ಲೋಹದ ಕಾಂಟ್ಯಾಕ್ಟ್ ಇರುವುದನ್ನೇ ತಗೊಳ್ಳಿ, ಇಲ್ಲದಿದ್ದರೆ ಹೊಸ ಲೆನ್ಸ್‌ಗಳ ಅಪರ್ಚರ್ ಬದಲಿಸಲು ಆಗುವುದಿಲ್ಲ. ಅಷ್ಟು ಹತ್ತಿರದಲ್ಲಿ ಎಫ್/11ಕ್ಕೂ ಫೋಕಸ್‌ನ ಆಳ ಬರೀ ಒಂದು ಮಿ.ಮೀ. ಇರುತ್ತದೆ, ಟ್ರೈಪಾಡ್ ಬೇಕೇ ಬೇಕು. ಲೆನ್ಸ್ ಹನಿಗೆ ತೀರಾ ಹತ್ತಿರವಾಗುವುದರಿಂದ ಚಿಮ್ಮುವ ನೀರಿಗೆ ಟ್ಯೂಬ್ ಒಗ್ಗುವುದಿಲ್ಲ. ಎಲೆಯ ಮೇಲಿನ ಹನಿಗೆ, ಮಳೆ ಬಿದ್ದ ಕಿಟಕಿ ಗಾಜಿಗೆ ಚೆನ್ನಾಗಿ ಒಗ್ಗುತ್ತದೆ. ಇದರಲ್ಲಿ ಕೈ ಕುದುರಿದ ಮೇಲೂ ಆಸೆ ಉಳಿದರೆ ಆಗ 100 ಎಂಎಂ ಮ್ಯಾಕ್ರೋ ಯೋಚಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸನ್ನು ಬ್ಯಾಗ್‌ನಲ್ಲಿ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಡಬ್ಬಿಯೊಳಗೆ ಒಂದು ಚಿಕ್ಕ ತೇವಮಾಪಕ ಇಟ್ಟರೆ ಒಳ್ಳೆಯದು, 40ರಿಂದ 50 ಪರ್ಸೆಂಟ್ ಒಳಗಿದ್ದರೆ ಬೂಸ್ಟು ಬೆಳೆಯುವುದಿಲ್ಲ. ಈಗಾಗಲೇ ಹತ್ತಿದ್ದರೆ ನೀವೇ ಬಿಚ್ಚಲು ಹೋಗಬೇಡಿ, ರಿಪೇರಿಯವರಿಗೆ ಕೊಡಿ. ಸ್ವಚ್ಛವಾಗಿ ಬರುವ ತನಕ ಅದನ್ನು ಬೇರೆ ಲೆನ್ಸ್‌ಗಳ ಡಬ್ಬಿಯಲ್ಲಿ ಇಡಬೇಡಿ.