ಬೈದಿದ್ದರೆ ಬೇಜಾರಿರಲಿಲ್ಲ, ಮೇಡಂ

ಹತ್ತನೇ ತರಗತಿಯವರಿಗೆ ಬೆಳಗ್ಗೆ, ಸಂಜೆ ವಿಶೇಷ ತರಗತಿ ಶುರುವಾದ ಮೇಲೆ, ಮಕ್ಕಳಿಗೆ ಆಪ್ತಸಲಹೆ ಕೊಡುವ ನನ್ನ ಬಳಿ ಒಂದು ಬಗೆಯ ದೂರು ಪ್ರತಿ ವರ್ಷ ಬರುತ್ತದೆ. ಮಗು ಓದುತ್ತಿಲ್ಲ ಅಂತಲ್ಲ. ಇದ್ದಕ್ಕಿದ್ದ ಹಾಗೆ ಒಬ್ಬ ಮೇಷ್ಟ್ರ ಕಣ್ಣು ತಪ್ಪಿಸಿ ಓಡಾಡುತ್ತಿದೆ ಅಂತ. ಅದೂ ತುಂಬಾ ಹಚ್ಚಿಕೊಂಡಿದ್ದ ಮೇಷ್ಟ್ರ ಕಣ್ಣು.

ಇಂಥ ದೂರು ಬಂದಾಗ ನಾನು ಮೊದಲು ವಿಚಾರಿಸುವುದು ಲೈಂಗಿಕ ಕಿರುಕುಳ ಏನಾದರೂ ನಡೆದಿದೆಯಾ ಅಂತ. ನಡೆದಿದ್ದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಅಲ್ಲಿ ರಾಜಿ, ಸಮಾಧಾನದ ಮಾತೇ ಇಲ್ಲ. ಈ ಪ್ರಕರಣದಲ್ಲಿ ಅಂಥದ್ದು ಇರಲಿಲ್ಲ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಸಕಲೇಶಪುರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ. ಹುಡುಗನ ತಾಯಿ ಎಸ್ಟೇಟಿನಲ್ಲಿ ಕೂಲಿ, ಆಗ ಕಾಫಿ ಕುಯ್ಲಿನ ಕಾಲ. ತಂದೆಗೆ ಕುಡಿತ. ವಾಸ ಲೈನ್ ಮನೆಯಲ್ಲಿ, ಅಂದರೆ ಎಸ್ಟೇಟಿನ ಕೂಲಿಯವರ ಸಾಲುಮನೆಯಲ್ಲಿ. ತಾಯಿ ನನ್ನ ಹತ್ತಿರ ಬಂದಿದ್ದು ಹೆದರಿಕೊಂಡು. ಮಗ ಬೆಳಗಿನ ಬಸ್ಸು ಬಿಟ್ಟು, ಮಂಜು ಕರಗುವ ಮೊದಲೇ ತೋಟದ ಒಳದಾರಿಯಲ್ಲಿ ನಡೆದು ಹೋಗುತ್ತಿದ್ದ. "ಆನೆ ಬಂದಿದೆ ಅಂತ ಫೋನಿಗೆ ಮೆಸೇಜ್ ಬಂದಿರುತ್ತೆ ಮೇಡಂ. ಆದ್ರೂ ಬಸ್ ಹತ್ತಲ್ಲ ಅಂತಾನೆ." ಆ ಭಾಗದಲ್ಲಿ ಆನೆ ತುಳಿದು ಜನ ಸತ್ತಿದ್ದಾರೆ. ಅಂಥ ದಾರಿಯೇ ವಾಸಿ ಅನಿಸುವಷ್ಟು ಬಸ್ಸಿನಲ್ಲಿ ಏನಿತ್ತು?

ಬಸ್ಸಿನಲ್ಲಿ ಗಣಿತದ ಮೇಷ್ಟ್ರಿದ್ದರು.

ನಮ್ಮ ಕಡೆಯ ಶಾಲೆ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಮೇಷ್ಟ್ರು, ಮಕ್ಕಳು ಬರುವುದು ಒಂದೇ ಬಸ್ಸಿನಲ್ಲಿ. ಮಧ್ಯಾಹ್ನದ ಬಿಸಿಯೂಟವನ್ನು ಮೇಷ್ಟ್ರು ರುಚಿ ನೋಡಿದ ಮೇಲೇ ಮಕ್ಕಳಿಗೆ ಬಡಿಸುವುದು. ಸಂತೆಯಲ್ಲಿ ಸಿಕ್ಕರೆ ತರಕಾರಿ ರೇಟು ಮಾತಾಡಿಕೊಳ್ಳುತ್ತಾರೆ. ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಮೇಷ್ಟ್ರಿಗೆ ಗೊತ್ತು. ಮೇಷ್ಟ್ರಿಗೆ ಶುಗರ್ ಇದೆ ಅಂತ ಮಕ್ಕಳಿಗೂ ಗೊತ್ತು. ಈ ಬಳಕೆ ನನಗೆ ಇಷ್ಟ. ದೊಡ್ಡ ಊರಿನ ಎಷ್ಟೋ ಮಕ್ಕಳಿಗೆ ಇದು ಸಿಗುವುದಿಲ್ಲ.

ಮೊದಲ ಭೇಟಿಯಲ್ಲಿ ಹುಡುಗ ಬಾಯಿ ಬಿಡಲಿಲ್ಲ. ಎರಡನೇ ಸಲ ನಾನು ಮೇಷ್ಟ್ರ ಸುದ್ದಿಯನ್ನೇ ಎತ್ತಲಿಲ್ಲ. ಬಸ್ಸಿನಲ್ಲಿ ಎಲ್ಲಿ ಕೂರ್ತಿದ್ದೆ ಅಂತ ಸುಮ್ನೆ ಕೇಳಿದೆ.

"ಸರ್ ಪಕ್ಕ. ಬಾಯಿಲೆಕ್ಕ ಕೊಡೋರು. ಸ್ಕೂಲ್ ಬರೋಷ್ಟ್ರಲ್ಲಿ ಹತ್ತಾದ್ರೂ ಮಾಡ್ತಿದ್ದೆ."

ಆಮೇಲೆ ತಾನಾಗಿಯೇ ಹೇಳಿದ. ಒಂದು ದಿನ ವಿಜ್ಞಾನದ ಮೇಡಂ ಹೋಂವರ್ಕ್ ಮಾಡದ್ದಕ್ಕೆ ಅವನನ್ನು ನಿಲ್ಲಿಸಿದ್ದರು. ಬಾಗಿಲ ಹತ್ತಿರ ಹೋಗುತ್ತಿದ್ದ ಗಣಿತದ ಮೇಷ್ಟ್ರು ನಿಂತು, "ಬಿಡಿ ಮೇಡಂ, ಪಾಪ. ನಿನ್ನೆ ಅವರಪ್ಪ ಬಸ್ ಸ್ಟಾಪಲ್ಲಿ ಬಿದ್ದಿದ್ರು, ನಾನೇ ಎತ್ತಿ ಕೂರಿಸ್ದೆ. ಮನೇಲಿ ಇವನು ಹೇಗೆ ಓದ್ತಾನೆ ಹೇಳಿ" ಅಂದರು. ಇಷ್ಟೇ. ಅವನನ್ನು ಕೂರಿಸಿದರು, ಪಾಠ ಮುಂದುವರಿಯಿತು.

"ಎಲ್ರೂ ನಕ್ಕರಾ?" ಅಂತ ಕೇಳಿದೆ.

"ಯಾರೂ ನಗ್ಲಿಲ್ಲ ಮೇಡಂ. ನಕ್ಕಿದ್ರೆ ಜಗಳನಾದ್ರೂ ಆಡ್ತಿದ್ದೆ." ಸ್ವಲ್ಪ ಹೊತ್ತು ಬಿಟ್ಟು, "ಮಧ್ಯಾಹ್ನ ಊಟಕ್ಕೆ ಕೂತಾಗ ಪಕ್ಕದೋನು ಅವನ ಮೊಟ್ಟೆ ತೆಗೆದು ನನ್ನ ತಟ್ಟೆಗೆ ಹಾಕ್ದ. ಅವನು ಯಾವತ್ತೂ ಯಾರಿಗೂ ಕೊಟ್ಟೋನಲ್ಲ. ಸರ್ ಬೈದಿದ್ರೆ ಬೇಜಾರಿರ್ಲಿಲ್ಲ. ಎಲ್ರಿಗೂ ಬೈತಾರೆ."

ಆ ಮೊಟ್ಟೆಯ ಮಾತು ನನ್ನನ್ನು ಇವತ್ತಿಗೂ ಕಾಡುತ್ತದೆ. ಅದುವರೆಗೆ ಆ ತರಗತಿಯಲ್ಲಿ ಅವನು ಲೆಕ್ಕದಲ್ಲಿ ಚುರುಕಾದ ಹುಡುಗ. ಮಧ್ಯಾಹ್ನದ ಹೊತ್ತಿಗೆ ಕುಡುಕನ ಮಗನಾಗಿದ್ದ. ಮೇಷ್ಟ್ರು ಸುಳ್ಳು ಹೇಳಿರಲಿಲ್ಲ, ಅವಮಾನ ಮಾಡಬೇಕು ಅಂತಲೂ ಇರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಶಿಕ್ಷಕರಿಗೆ ಅದು ಗೊತ್ತು. ಆದರೆ ಅಕ್ಕರೆಯಿಂದ ಆಡಿದ ಮಾತೂ ಮಗುವನ್ನು ಇಷ್ಟು ನೋಯಿಸಬಹುದು ಅಂತ ಯಾವ ತರಬೇತಿಯಲ್ಲೂ ಯಾರೂ ಅವರಿಗೆ ಒತ್ತಿ ಹೇಳಿದ ಹಾಗಿಲ್ಲ.

ಹುಡುಗನನ್ನು ಕೇಳಿ, ಅವನು ಒಪ್ಪಿದಷ್ಟನ್ನೇ ಮೇಷ್ಟ್ರಿಗೆ ಹೇಳಿದೆ. ಅವರು ಕುಸಿದುಹೋದರು. ಆ ಹುಡುಗನಿಗೆ ನೋಟ್‌ಬುಕ್ ತಂದುಕೊಟ್ಟವರು, ಸಂಜೆ ಹೆಚ್ಚು ಹೊತ್ತು ನಿಂತು ಲೆಕ್ಕ ಹೇಳಿಕೊಟ್ಟವರು ಅವರು. "ನಾಳೆನೇ ಕ್ಲಾಸಲ್ಲಿ ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ ಮೇಡಂ" ಅಂದರು.

ಬೇಡ ಅಂದೆ.

ನಾನು ಕೊಟ್ಟ ಸಲಹೆ ಇದು. ಹುಡುಗನ ಹತ್ತಿರ, ಬೇರೆ ಮಕ್ಕಳ ಕಿವಿಗೆ ಬೀಳದ ಕಡೆ, ಜಗಲಿಯಲ್ಲೋ ಮೈದಾನದ ಅಂಚಲ್ಲೋ, ಒಂದೇ ಸಲ ಹೇಳಿ: "ನಿಮ್ಮನೆ ವಿಷಯ ಎಲ್ಲರೆದುರು ಹೇಳಿದ್ದು ನನ್ನ ತಪ್ಪು. ಇನ್ನು ಹೇಳಲ್ಲ." ನಿನ್ನ ಒಳ್ಳೇದಕ್ಕೇ ಹೇಳಿದ್ದು ಅಂತ ಸೇರಿಸಬೇಡಿ. ಬೇಜಾರು ಹೋಯ್ತಾ ಅಂತ ಕೇಳಬೇಡಿ. ಕೇಳಿದರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಅವನ ಮೇಲೆ ಬೀಳುತ್ತದೆ. ಬಸ್ಸು ಹತ್ತು ಅಂತ ಒತ್ತಾಯವೂ ಬೇಡ. ತರಗತಿಯಲ್ಲಿ ಮೊದಲಿನ ಹಾಗೇ ಬೋರ್ಡಿಗೆ ಕರೆದು ಲೆಕ್ಕ ಮಾಡಿಸಿ. ಹೋಂವರ್ಕ್ ಮಾಡಿರದಿದ್ದರೆ ಎಲ್ಲರನ್ನೂ ಕೇಳುವ ಹಾಗೇ ಅವನನ್ನೂ ಕೇಳಿ.

ಈ ಸಲಹೆಯನ್ನು ನನ್ನ ಜೊತೆ ಕೆಲಸ ಮಾಡುವ ಒಬ್ಬರು ಒಪ್ಪಲಿಲ್ಲ. ಎಲ್ಲರೆದುರು ಆದ ನೋವಿಗೆ ಎಲ್ಲರೆದುರೇ ಕ್ಷಮೆ ಬೇಕು, ಇಲ್ಲದಿದ್ದರೆ ಮೇಷ್ಟ್ರನ್ನು ಕಾಪಾಡಿದ ಹಾಗಾಗುತ್ತದೆ ಅಂದರು. ಮೇಷ್ಟ್ರು ಸುಳ್ಳು ಆರೋಪ ಮಾಡಿದ್ದರೆ, ಹೀಯಾಳಿಸಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿ ಎಲ್ಲರೆದುರು ಕ್ಷಮೆ ಕೇಳುವುದು ಅಂದರೆ ಅಪ್ಪನ ಕುಡಿತದ ಸುದ್ದಿಯನ್ನು ಅದೇ ಮಕ್ಕಳೆದುರು ಇನ್ನೊಮ್ಮೆ ಎತ್ತುವುದು, ಅಲ್ವಾ? ಅದರಿಂದ ಹಗುರಾಗುವುದು ಮೇಷ್ಟ್ರ ಮನಸ್ಸು. ಹುಡುಗ ಮತ್ತೆ ತಲೆ ತಗ್ಗಿಸಿ ಕೂರಬೇಕು. ಕೊನೆಗೆ ಹುಡುಗನನ್ನೇ ಕೇಳಿದೆ. "ಕ್ಲಾಸಲ್ಲಿ ಬೇಡ ಮೇಡಂ" ಅಂತ ತಕ್ಷಣ ಹೇಳಿದ. ನನಗೆ ಅಷ್ಟು ಸಾಕಿತ್ತು.

ಮೇಷ್ಟ್ರು ಮಕ್ಕಳ ಜೊತೆ ಬಳಕೆ ಕಡಿಮೆ ಮಾಡಲಿ, ದೂರ ಇರಲಿ ಅಂತ ನಾನು ಯಾವ ಶಾಲೆಗೂ ಹೇಳುವುದಿಲ್ಲ. ಅಪ್ಪ ಬಿದ್ದಾಗ ಎತ್ತಿ ಕೂರಿಸುವ ಮೇಷ್ಟ್ರು ಬೇಕು. ಬಸ್ಸಿನಲ್ಲಿ, ಸಂತೆಯಲ್ಲಿ, ಮನೆ ಬಾಗಿಲಲ್ಲಿ ಕಂಡದ್ದು ಮಗುವಿನ ಸೊತ್ತು ಅಂತ ಅವರು ತಿಳಿಯಬೇಕು, ಅಷ್ಟೆ. ಬೇರೆ ಶಿಕ್ಷಕರಿಗೆ ಹೇಳುವ ಅಗತ್ಯವಿದ್ದರೆ ಸ್ಟಾಫ್ ರೂಮಿನಲ್ಲಿ, ಬೇಕಾದವರಿಗೆ, ಬೇಕಾದಷ್ಟು ಹೇಳಿ. ಕಾಫಿ, ಚಹಾ ಜೊತೆಯ ಹರಟೆಗೆ ಅದು ಬೇಡ. ಶಾಲೆಯ ವಾಟ್ಸಾಪ್ ಗುಂಪಿಗಂತೂ ಬೇಡವೇ ಬೇಡ.

ತಾಯಿಗೆ ಹೇಳಿದ್ದು ಬೇರೆ. ಗಂಡನನ್ನು ಹಾಸನದ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಒಮ್ಮೆ ಕರೆತನ್ನಿ, ಕುಡಿತಕ್ಕೆ ಚಿಕಿತ್ಸೆ ಇದೆ ಅಂದೆ. ಫೋನಿನಲ್ಲಿ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಪ್ಪ ಕೈ ಮಾಡಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಅಂತ ಹುಡುಗನಿಗೂ ಅವನ ತಂಗಿಗೂ ಹೇಳಿಕೊಟ್ಟೆ. ತಂದೆ ಆಸ್ಪತ್ರೆಗೆ ಇನ್ನೂ ಬಂದಿಲ್ಲ.

ಹುಡುಗ ಸ್ವಲ್ಪ ದಿನಗಳ ನಂತರ ಬಸ್ಸು ಹತ್ತಿದ. ಮೇಷ್ಟ್ರ ಪಕ್ಕ ಕೂರುವುದಿಲ್ಲ, ಹಿಂದೆ ಗೆಳೆಯರ ಜೊತೆ ಕೂರುತ್ತಾನೆ. ಮೇಷ್ಟ್ರಿಗೆ ಅದು ಈಗಲೂ ನೋವು. ಕರೆಯಲಾ ಅಂತ ಫೋನ್ ಮಾಡಿ ಕೇಳಿದರು. ಕರೆಯಬೇಡಿ, ಎಲ್ಲಿ ಕೂರಬೇಕು ಅನ್ನುವುದು ಅವನಿಗೆ ಬಿಟ್ಟಿದ್ದು ಅಂತ ಹೇಳಿದ್ದೇನೆ.