ಸಾಲದ ಕಥೆಗೆ ಕ್ಯಾಮೆರಾ ಎಲ್ಲಿಡಬೇಕು?

ಕಳೆದ ಸಂಚಿಕೆಯಲ್ಲಿ ಕೋಸ್ಟಾ ಗಾವ್ರಾಸ್ ಅವರ ‘ಅಡಲ್ಟ್ಸ್ ಇನ್ ದಿ ರೂಮ್’ ಸಿನಿಮಾ ನೋಡಿ ಅಂತ ಒಂದು ಪುಟ್ಟ ಟಿಪ್ಪಣಿ ಹಾಕಿದ್ದೆ. 2015ರಲ್ಲಿ ಗ್ರೀಸ್ ದೇಶ ತನಗೆ ಸಾಲ ಕೊಟ್ಟವರ ಜೊತೆ ಆರು ತಿಂಗಳು ನಡೆಸಿದ ಜಗ್ಗಾಟದ ಕಥೆ ಅದು. ಆಗ ಹಣಕಾಸು ಮಂತ್ರಿಯಾಗಿದ್ದ ಯಾನಿಸ್ ವರೂಫಾಕಿಸ್ ಬರೆದ ಪುಸ್ತಕ ಅದಕ್ಕೆ ಆಧಾರ. ಅದರ ಬಗ್ಗೆ ತುಂಬಾ ಪತ್ರ ಬಂದಿವೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇವಕ್ಕೇ ಉತ್ತರ.

ನೀವು ಹೇಳಿದಿರಿ ಅಂತ ನೋಡಿದೆ ಸರ್. ಎರಡು ಗಂಟೆ ಬರೀ ಮೀಟಿಂಗು, ಫೈಲು, ಕೈಕುಲುಕುವುದು. ಸಾಲ ಅನ್ನೋದು ಲೆಕ್ಕದ ವಿಷಯ, ಅದರಲ್ಲಿ ಸಿನಿಮಾ ಎಲ್ಲಿದೆ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ನಿಮಗೆ ಬೇಸರ ಆಗಿದ್ದು ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಆ ದೇಶದ ಹಣೆಬರಹ ಬರೆದದ್ದೇ ಆ ಮೀಟಿಂಗ್ ಕೋಣೆಗಳಲ್ಲಿ. ಬೀದಿಯಲ್ಲಿ ಕಲ್ಲು ತೂರಾಟ, ಅಶ್ರುವಾಯು ತೋರಿಸಿದರೆ ಪರದೆ ತುಂಬಾ ಗದ್ದಲ ಸಿಗುತ್ತದೆ, ಆದರೆ ನಿರ್ಧಾರ ಮಾಡಿದವರು ಯಾರು, ಹೇಗೆ ಮಾಡಿದರು ಅನ್ನೋದು ಕಾಣುವುದೇ ಇಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡಿದವರು ನೀವು, ನಿಮಗೆ ಇದು ಬೇಗ ಹಿಡಿಸುತ್ತದೆ. 2015ರ ಜನವರಿ 25ಕ್ಕೆ, ಸಾಲದ ಷರತ್ತುಗಳನ್ನು ವಿರೋಧಿಸುತ್ತಿದ್ದ ಎಡಪಂಥೀಯ ಸಿರಿಝಾ ಪಕ್ಷ ಗ್ರೀಸಿನ ಚುನಾವಣೆ ಗೆದ್ದಿತು. 300ರಲ್ಲಿ 149 ಸೀಟು, ಇನ್ನೊಂದು ಸಣ್ಣ ಪಕ್ಷದ ಕೈಹಿಡಿದು ಅಲೆಕ್ಸಿಸ್ ಸಿಪ್ರಾಸ್ ಪ್ರಧಾನಿಯಾದರು. ಫೆಬ್ರವರಿ 4ಕ್ಕೆ, ಅಂದರೆ ಹೊಸ ಸರ್ಕಾರಕ್ಕೆ ಇನ್ನೂ ಎರಡು ವಾರ ಕೂಡ ತುಂಬಿರಲಿಲ್ಲ, ಐರೋಪ್ಯ ಕೇಂದ್ರ ಬ್ಯಾಂಕ್ ಒಂದು ಪ್ರಕಟಣೆ ಹೊರಡಿಸಿತು: ಗ್ರೀಕ್ ಸರ್ಕಾರದ ಬಾಂಡ್‌ಗಳನ್ನು (ಸರ್ಕಾರದ ಸಾಲಪತ್ರಗಳು, ಇವನ್ನು ಅಡವಿಟ್ಟೇ ಗ್ರೀಕ್ ಬ್ಯಾಂಕ್‌ಗಳು ಅಲ್ಲಿಂದ ಹಣ ಪಡೆಯುತ್ತಿದ್ದವು) ಇನ್ನು ಮೇಲೆ ಎಂದಿನಂತೆ ಅಡಮಾನಕ್ಕೆ ತೆಗೆದುಕೊಳ್ಳುವುದಿಲ್ಲ. ಅಷ್ಟೇ. ಪೊಲೀಸ್ ಇಲ್ಲ, ಲಾಠಿ ಇಲ್ಲ. ಅಲ್ಲಿಂದಾಚೆ ಗ್ರೀಕ್ ಬ್ಯಾಂಕ್‌ಗಳು ತುರ್ತು ಸಾಲದ ಮೇಲೆ ಉಸಿರಾಡಬೇಕಾಯಿತು, ಅದಕ್ಕೆ ಮಿತಿ ಹಾಕುವವರೂ ಅವರೇ. ಜೂನ್ 28ಕ್ಕೆ ಆ ಮಿತಿಯನ್ನು ಏರಿಸುವುದಿಲ್ಲ ಅಂದರು. ಮಾರನೇ ದಿನ ಬ್ಯಾಂಕ್ ಬಾಗಿಲು ಹಾಕಿದವು, ಎಟಿಎಂನಲ್ಲಿ ಒಂದು ಕಾರ್ಡಿಗೆ ದಿನಕ್ಕೆ 60 ಯೂರೋ ಮಾತ್ರ. ಒಂದು ಪ್ರಕಟಣೆಯಿಂದ ಒಂದು ದೇಶದ ಜನ ಸಾಲುಗಟ್ಟಿ ನಿಲ್ಲುವಂತಾದರೆ ಅದಕ್ಕಿಂತ ದೊಡ್ಡ ನಾಟಕ ಯಾವುದಿದೆ ಹೇಳಿ? ಸಿನಿಮಾದಲ್ಲಿ ಇಂಥದ್ದು ಬಂದಾಗಲೆಲ್ಲ ನಾನು ಕುರ್ಚಿಯ ಅಂಚಿಗೆ ಬಂದಿದ್ದೆ.

ಇನ್ನೊಂದು ವಿಷಯ, ಗಡುವು. ಸಾಲದ ಕಥೆಗೆ ಗಡಿಯಾರ ತಾನಾಗಿ ಸಿಗುತ್ತದೆ. ಫೆಬ್ರವರಿ 20ಕ್ಕೆ ಹಳೇ ಸಾಲದ ಒಪ್ಪಂದಕ್ಕೆ ನಾಲ್ಕು ತಿಂಗಳ ವಿಸ್ತರಣೆ ಸಿಕ್ಕಿತು, ಜೂನ್ 30ಕ್ಕೆ ಅಂತರರಾಷ್ಟ್ರೀಯ ಹಣಕಾಸು ನಿಧಿಗೆ (ಐಎಂಎಫ್) ಸುಮಾರು 150 ಕೋಟಿ ಯೂರೋ ಕಟ್ಟಬೇಕಿತ್ತು, ಕಟ್ಟಲಾಗಲಿಲ್ಲ. ಬಾಂಬ್ ಇಟ್ಟು ಟಿಕ್ ಟಿಕ್ ಅನ್ನಿಸುವ ಅಗತ್ಯ ನಿರ್ದೇಶಕನಿಗೆ ಬರುವುದೇ ಇಲ್ಲ.

ನನಗೆ ಅರ್ಥಶಾಸ್ತ್ರ ಗೊತ್ತಿಲ್ಲ. ಸಿನಿಮಾ ನೋಡುವ ಮುಂಚೆ ಏನು ತಿಳಿದುಕೊಂಡಿರಬೇಕು?
– ಪದವಿ ವಿದ್ಯಾರ್ಥಿನಿ, ಶಿವಮೊಗ್ಗ

ತುಂಬಾ ಏನಿಲ್ಲ. ಗ್ರೀಸ್ 2001ರಲ್ಲಿ ಯೂರೋ ನಾಣ್ಯಕ್ಕೆ ಸೇರಿತು, ಕಡಿಮೆ ಬಡ್ಡಿಗೆ ಸಾಲ ಸಿಗತೊಡಗಿತು. 2009ರ ಅಕ್ಟೋಬರ್‌ನಲ್ಲಿ ಬಂದ ಹೊಸ ಸರ್ಕಾರ ಲೆಕ್ಕದ ಪುಸ್ತಕ ತೆಗೆದು ನೋಡಿದರೆ, ಆ ವರ್ಷದ ಬಜೆಟ್ ಕೊರತೆ ದೇಶದ ಒಟ್ಟು ಉತ್ಪನ್ನದ ಶೇ. 3.7 ಅಂತ ಹೇಳಿದ್ದು ಶೇ. 12ಕ್ಕೂ ಜಾಸ್ತಿ ಇತ್ತು. ಕೊನೆಗೆ ಅದು ಶೇ. 15 ದಾಟಿತು. ಸಾಲ ಕೊಡುವವರು ಹಿಂದೆ ಸರಿದರು. 2010ರ ಏಪ್ರಿಲ್ 23ಕ್ಕೆ ಪ್ರಧಾನಿ ಜಾರ್ಜ್ ಪಾಪಂಡ್ರೂ, ಕಸ್ಟೆಲೊರಿಝೋ ಅನ್ನುವ ಪುಟ್ಟ ದ್ವೀಪದ ಬಂದರಿನಲ್ಲಿ ನಿಂತು, ನಮಗೆ ನೆರವು ಬೇಕು ಅಂತ ಟಿವಿಯಲ್ಲಿ ಹೇಳಿದರು. ಹಿಂದೆ ನೀಲಿ ಸಮುದ್ರ, ದೋಣಿ, ಬಿಸಿಲು. ಯಾವ ನಿರ್ದೇಶಕನೂ ಅಂಥ ದೃಶ್ಯ ಬರೆಯಲಾರ.

ಆಮೇಲೆ ಐರೋಪ್ಯ ಆಯೋಗ, ಐರೋಪ್ಯ ಕೇಂದ್ರ ಬ್ಯಾಂಕ್, ಐಎಂಎಫ್ ಮೂರೂ ಸೇರಿ ಬಂದವು. ಈ ಮೂವರಿಗೆ ‘ಟ್ರೊಯ್ಕಾ’ ಅಂತ ಹೆಸರು, ಸಿನಿಮಾದಲ್ಲಿ ಪದೇಪದೇ ಬರುತ್ತದೆ. 2010ರಲ್ಲಿ 11,000 ಕೋಟಿ ಯೂರೋ, 2012ರಲ್ಲಿ ಇನ್ನೂ 13,000 ಕೋಟಿ. ಅದರ ಬಹುಪಾಲು ಹೋಗಿದ್ದು ಹಳೇ ಸಾಲ, ಬಡ್ಡಿ ತೀರಿಸಲು ಮತ್ತು ಬ್ಯಾಂಕ್‌ಗಳನ್ನು ಉಳಿಸಲು. ಬದಲಿಗೆ ಗ್ರೀಸ್ ಸಂಬಳ, ಪಿಂಚಣಿ ಕತ್ತರಿಸಬೇಕು, ತೆರಿಗೆ ಏರಿಸಬೇಕು, ಸರ್ಕಾರಿ ಆಸ್ತಿ ಮಾರಬೇಕು. 2013ರ ಹೊತ್ತಿಗೆ ನೂರರಲ್ಲಿ 27 ಜನಕ್ಕೆ ಕೆಲಸ ಇರಲಿಲ್ಲ, ಯುವಕರಲ್ಲಂತೂ ಅರ್ಧಕ್ಕಿಂತ ಜಾಸ್ತಿ ಜನಕ್ಕೆ. ದೇಶದ ಒಟ್ಟು ಉತ್ಪನ್ನದಲ್ಲಿ ಕಾಲು ಭಾಗ ಕರಗಿತ್ತು. ಸಿನಿಮಾ ಶುರುವಾಗುವುದು ಇದೆಲ್ಲ ಆದ ಮೇಲೆ. ಇಷ್ಟು ಗೊತ್ತಿದ್ದರೆ ಸಾಕು, ಧೈರ್ಯವಾಗಿ ನೋಡಿ.

ಮಂತ್ರಿಯೇ ಬರೆದ ಪುಸ್ತಕದಿಂದ ಮಾಡಿದ ಸಿನಿಮಾದಲ್ಲಿ ಮಂತ್ರಿಯೇ ಹೀರೋ. ಇದನ್ನು ಇತಿಹಾಸ ಅಂತ ನಂಬಬಹುದಾ?
– ಪ್ರೌಢಶಾಲಾ ಶಿಕ್ಷಕರು, ಹಾಸನ

ಬಂದ ಪ್ರಶ್ನೆಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು. ನೇರ ಉತ್ತರ: ಒಬ್ಬ ಸಾಕ್ಷಿಯ ಹೇಳಿಕೆ ಅಂತ ನಂಬಿ. ಪೂರ್ತಿ ತೀರ್ಪು ಅಂತ ಬೇಡ.

ಮೊದಲು ಸಿನಿಮಾದ ಪರವಾಗಿ ಹೇಳುತ್ತೇನೆ. ಯೂರೋ ಬಳಸುವ ದೇಶಗಳ ಹಣಕಾಸು ಮಂತ್ರಿಗಳು ಸೇರುವ ಸಭೆಗೆ ಯೂರೋಗ್ರೂಪ್ ಅಂತಾರೆ. ಅಲ್ಲಿ ಯಾರು ಏನು ಮಾತಾಡಿದರು ಅನ್ನೋದರ ನಡಾವಳಿ ಹೊರಗೆ ಬರುತ್ತಿರಲಿಲ್ಲ. ಜೂನ್ 27ರಂದು ಗ್ರೀಸನ್ನು ಹೊರಗಿಟ್ಟು ಹೇಳಿಕೆ ಕೊಡಲು ಹೊರಟಾಗ, ಇದು ಕಾನೂನು ಪ್ರಕಾರ ಸರಿಯಾ ಅಂತ ವರೂಫಾಕಿಸ್ ಕೇಳಿದರಂತೆ. ಯೂರೋಗ್ರೂಪ್ ಒಂದು ಅನೌಪಚಾರಿಕ ಗುಂಪು, ಅದಕ್ಕೆ ಲಿಖಿತ ನಿಯಮ ಇಲ್ಲ ಅನ್ನುವ ಉತ್ತರ ಬಂತು ಅಂತ ಅವರು ಹೇಳಿಕೊಂಡಿದ್ದಾರೆ. ಇಡೀ ಖಂಡದ ಹಣದ ವಿಷಯ ನಿರ್ಧರಿಸುವ ಕೋಣೆಯಲ್ಲಿ ಹೀಗಿದ್ದರೆ, ಒಳಗಿದ್ದವರೊಬ್ಬರು ಬಾಯಿಬಿಟ್ಟದ್ದು ದೊಡ್ಡ ಉಪಕಾರ ಅಂತಲೇ ನಾನು ತಿಳಿಯುತ್ತೇನೆ. ಅವರು ಸಭೆಗಳನ್ನು ತಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದರು. 2020ರ ಮಾರ್ಚ್‌ನಲ್ಲಿ ಅವು ಹೊರಬಂದವು. ಬೇಕಾದವರು ಕೇಳಿ ನೋಡಬಹುದು.

ಈಗ ನನ್ನ ತಕರಾರು. ಜರ್ಮನಿಯ ಹಣಕಾಸು ಮಂತ್ರಿ ವೋಲ್ಫ್‌ಗಾಂಗ್ ಶಾಯ್ಬ್ಲೆ ಪಾತ್ರವನ್ನು ಉಲ್ರಿಚ್ ಟುಕುರ್ ಚೆನ್ನಾಗಿ ಮಾಡಿದ್ದಾರೆ. ಆದರೆ ಆ ಮನುಷ್ಯ ಯಾಕೆ ಹಾಗೆ ಯೋಚಿಸುತ್ತಿದ್ದರು ಅನ್ನೋದು ಪೂರ್ತಿ ಬರಲಿಲ್ಲ. ಒಂದು ದೇಶಕ್ಕೆ ರಿಯಾಯಿತಿ ಕೊಟ್ಟರೆ ನಾಳೆ ಇನ್ನೊಂದು ದೇಶ ಕೇಳುತ್ತದೆ, ಸರ್ಕಾರ ಬದಲಾಯಿತು ಅಂತ ಒಪ್ಪಂದ ಬದಲಾದರೆ ಒಪ್ಪಂದಕ್ಕೆ ಅರ್ಥವೇನು ಅನ್ನುವ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಇನ್ನು ಸಣ್ಣ ದೇಶಗಳ ಮಂತ್ರಿಗಳು. ಮೇಜಿನ ಸುತ್ತ ಕೂತಿದ್ದಾರೆ, ತಲೆಯಾಡಿಸುತ್ತಾರೆ, ಅಷ್ಟೇ. ನನಗೆ ತುಂಬಾ ಬೇಜಾರಾಗಿದ್ದು ಅಲ್ಲೇ.

ಸ್ಲೊವಾಕಿಯಾ ನೋಡಿ. ಆಗ ಗ್ರೀಸಿಗಿಂತ ಬಡ ದೇಶ. ನಮ್ಮ ಜನರ ಪಿಂಚಣಿಯೇ ಇಷ್ಟು ಕಮ್ಮಿ ಇರುವಾಗ ಅವರಿಗೆ ಯಾಕೆ ಕೊಡಬೇಕು ಅಂತ 2010ರ ಮೊದಲ ಸಾಲದಿಂದ ಹೊರಗೆ ಉಳಿಯಿತು. 2011ರ ಅಕ್ಟೋಬರ್‌ನಲ್ಲಿ ಯೂರೋ ರಕ್ಷಣಾ ನಿಧಿ ಹಿಗ್ಗಿಸುವ ಮತದಾನದಲ್ಲಿ ಪ್ರಧಾನಿ ಇವೆಟಾ ರಾಡಿಚೋವಾ ಅವರ ಸರ್ಕಾರವೇ ಬಿದ್ದುಹೋಯಿತು. ಪರರ ಸಾಲಕ್ಕಾಗಿ ಸ್ವಂತ ಕುರ್ಚಿ ಕಳೆದುಕೊಂಡ ಪ್ರಧಾನಿ! ಆ ಕಡೆಯವರ ಒಂದು ಗಟ್ಟಿ ದೃಶ್ಯ ಇದ್ದಿದ್ದರೆ ಗ್ರೀಸಿನ ನೋವು ಕಮ್ಮಿ ಆಗುತ್ತಿರಲಿಲ್ಲ, ಇನ್ನೂ ಆಳವಾಗುತ್ತಿತ್ತು. ಎರಡು ಕಡೆಯವರಿಗೂ ಮನೆಯಲ್ಲಿ ಮತದಾರರಿದ್ದಾರೆ, ಎರಡು ಕಡೆಯವರೂ ಅವರಿಗೆ ಮಾತು ಕೊಟ್ಟಿದ್ದಾರೆ. ಈ ಬಿಕ್ಕಟ್ಟಿನ ರಾಜಕೀಯ ನಿಜವಾಗಿ ಇರುವುದು ಅಲ್ಲಿ.

ಹಾಗಂತ ಗ್ರೀಕರ ವಾದ ದುರ್ಬಲ ಅಂತ ತಿಳಿಯಬೇಡಿ. 1953ರ ಲಂಡನ್ ಒಪ್ಪಂದದಲ್ಲಿ ಪಶ್ಚಿಮ ಜರ್ಮನಿಯ ಹಳೇ ಸಾಲದಲ್ಲಿ ಸುಮಾರು ಅರ್ಧ ಮನ್ನಾ ಆಗಿತ್ತು. ಅದಕ್ಕೆ ಸಹಿ ಹಾಕಿದ ದೇಶಗಳಲ್ಲಿ ಗ್ರೀಸ್ ಕೂಡ ಒಂದು.

ಜನಮತಗಣನೆಯಲ್ಲಿ ಜನ ‘ಬೇಡ’ ಅಂದರೂ ಸರ್ಕಾರ ಸಹಿ ಹಾಕಿತಲ್ಲ, ಕೊನೆಯಲ್ಲಿ ಎಲ್ಲರೂ ಡಾನ್ಸ್ ಮಾಡುವುದು ಯಾಕೆ? ನನಗೆ ಅರ್ಥವೇ ಆಗಲಿಲ್ಲ.
– ಗೃಹಿಣಿ, ಮೈಸೂರು

ಅಮ್ಮಾ, ಆ ದೃಶ್ಯ ನೋಡಿ ನನಗೂ ಮೊದಲು ಗಲಿಬಿಲಿಯಾಯಿತು. ನಡೆದದ್ದು ಇಷ್ಟು. ಜುಲೈ 5ರಂದು ಶೇ. 61.3 ಜನ ಸಾಲ ಕೊಟ್ಟವರ ಷರತ್ತು ಬೇಡ ಅಂದರು. ಬ್ಯಾಂಕ್ ಮುಚ್ಚಿ ಒಂದು ವಾರವಾಗಿತ್ತು, ಆದರೂ ಅಂದರು. ಮತಪತ್ರದಲ್ಲಿ ‘ಬೇಡ’ ಅನ್ನೋದೇ ಮೇಲಿತ್ತು, ‘ಬೇಕು’ ಕೆಳಗೆ. ಮಾರನೇ ಬೆಳಗ್ಗೆ ವರೂಫಾಕಿಸ್ ರಾಜೀನಾಮೆ ಕೊಟ್ಟರು. ಒಂದು ವಾರದಲ್ಲಿ ಬ್ರಸೆಲ್ಸ್‌ನಲ್ಲಿ 17 ಗಂಟೆ ಸಭೆ ನಡೆದು, ಜುಲೈ 13ರ ಬೆಳಗ್ಗೆ ಸಿಪ್ರಾಸ್ ಮೂರನೇ ಸಾಲಕ್ಕೆ ಒಪ್ಪಿದರು. 8,600 ಕೋಟಿ ಯೂರೋವರೆಗೆ ಸಾಲ, ಜೊತೆಗೆ ಇನ್ನಷ್ಟು ಬಿಗಿ ಷರತ್ತು.

ಆ 17 ಗಂಟೆ ವರೂಫಾಕಿಸ್ ಅಲ್ಲಿರಲಿಲ್ಲ. ನಿರ್ದೇಶಕನ ಸಾಕ್ಷಿಯೇ ಕೋಣೆಯಲ್ಲಿಲ್ಲ ಅಂದ ಮೇಲೆ ಮಾತು ಎಲ್ಲಿಂದ ತರುವುದು? ಗಾವ್ರಾಸ್ ಮಾತು ಬಿಟ್ಟು ನೃತ್ಯಕ್ಕೆ ಹೋದರು: ಯುರೋಪಿನ ನಾಯಕರು ಸಿಪ್ರಾಸ್ ಅವರನ್ನು ಸುತ್ತುವರಿದು, ಎಳೆದು, ತಳ್ಳಿ ಕುಣಿಸುತ್ತಾರೆ. ಸಂಭಾಷಣೆ ಕಟ್ಟಿ ಹೇಳುವುದಕ್ಕಿಂತ ಇದು ಪ್ರಾಮಾಣಿಕ ಅಂತ ನನ್ನ ಅನಿಸಿಕೆ. ಆದರೆ ಸಿಪ್ರಾಸ್ ಬರೀ ಬೊಂಬೆಯಾಗಿಬಿಟ್ಟರು, ಅದು ನನಗೆ ಹಿಡಿಸಲಿಲ್ಲ. ಯೂರೋದಿಂದ ಹೊರಬಿದ್ದರೆ ಔಷಧಿ, ಪೆಟ್ರೋಲ್ ಆಮದಿಗೆ ಹಣ ಎಲ್ಲಿಂದ ಅನ್ನುವ ಹೆದರಿಕೆ ಆ ಮನುಷ್ಯನಿಗೆ ಇದ್ದಿರಲೇಬೇಕು ಅಲ್ವಾ? ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗ್ರೀಕರು ಅವರನ್ನೇ ಮತ್ತೆ ಗೆಲ್ಲಿಸಿದರು. ‘ಬೇಡ’ ಅಂದ ಜನವೇ ಸಹಿ ಹಾಕಿದವರಿಗೆ ವೋಟು ಹಾಕಿದ್ದು ಯಾಕೆ ಅಂತ ಇನ್ನೊಂದು ಸಿನಿಮಾವೇ ಮಾಡಬಹುದು. ನನಗಂತೂ ಅದನ್ನು ನೋಡುವ ಆಸೆ.

ಈ ಕಥೆಯಲ್ಲಿ ಸಾಮಾನ್ಯ ಜನ ಎಲ್ಲಿದ್ದಾರೆ? ನಿಮ್ಮ ಕೈಗೆ ಕೊಟ್ಟರೆ ಯಾವ ದೃಶ್ಯ ಸೇರಿಸುತ್ತೀರಿ?
– ಹವ್ಯಾಸಿ ನಾಟಕ ತಂಡದವರು, ಧಾರವಾಡ

ಎರಡು ದೃಶ್ಯ. ಒಂದು, 2015ರ ಜುಲೈ 1. ಬಹಳ ಪಿಂಚಣಿದಾರರ ಹತ್ತಿರ ಎಟಿಎಂ ಕಾರ್ಡ್ ಇರಲಿಲ್ಲ, ಬ್ಯಾಂಕ್ ಮುಚ್ಚಿದಾಗ ಅವರ ಕೈಗೆ 60 ಯೂರೋ ಕೂಡ ಸಿಗಲಿಲ್ಲ. ಅವರಿಗಾಗಿಯೇ ಸುಮಾರು ಸಾವಿರ ಶಾಖೆ ತೆರೆದರು, ತಲೆಗೆ 120 ಯೂರೋ ಮಾತ್ರ ಅಂತ. ಬಾಗಿಲ ಮುಂದೆ ನೂಕುನುಗ್ಗಲು, ವಯಸ್ಸಾದವರು ಬಿಸಿಲಲ್ಲಿ. ನಾನಾದರೆ ಮೀಟಿಂಗ್ ಕೋಣೆಯಲ್ಲಿ ಶೇಕಡಾವಾರು ಚರ್ಚೆ ನಡೆಯುವಾಗ, ಒಂದು ಕಟ್‌ನಲ್ಲಿ ಇಲ್ಲಿಗೆ ಬಂದು, ಸಂಗೀತ ಹಾಕದೆ, ಆ ಅಜ್ಜಂದಿರ ಜೊತೆ ಪೂರಾ ಐದು ನಿಮಿಷ ನಿಲ್ಲುತ್ತೇನೆ.

ಇನ್ನೊಂದು 2013ರ ಜೂನ್ 11. ಖರ್ಚು ಉಳಿಸಬೇಕು ಅಂತ ಸರ್ಕಾರ ತನ್ನದೇ ಟಿವಿ ವಾಹಿನಿ ಇಆರ್‌ಟಿಯನ್ನು ಅದೇ ದಿನ ಹೇಳಿ ರಾತ್ರಿಯೇ ಮುಚ್ಚಿಸಿತು. ಪ್ರಸಾರ ನಡೆಯುತ್ತಿದ್ದ ಹಾಗೆ ಪರದೆ ಕಪ್ಪಾಯಿತು. ನಾಟಕದವರು ನೀವು, ರಂಗದ ಮೇಲೆ ಇದನ್ನು ಮಾಡುವುದು ಕಷ್ಟವೇನಲ್ಲ. ಒಂದು ಮನೆ, ಒಂದು ಟಿವಿ, ಊಟಕ್ಕೆ ಕೂತ ನಾಲ್ಕು ಜನ ಇದ್ದರೆ ಸಾಕು.

ನಮ್ಮ ದೇಶದ 1991ರ ಚಿನ್ನ ಅಡವಿಟ್ಟ ಕಥೆ ಸಿನಿಮಾ ಆಗುವಂಥದ್ದಾ?
– ಲೆಕ್ಕ ಪರಿಶೋಧಕರು, ಮಂಗಳೂರು

ಖಂಡಿತ, ಅದೂ ನಿಮ್ಮ ಊರಿಂದಲೇ ಶುರು ಮಾಡಬಹುದು. 1990ರಲ್ಲಿ ಇರಾಕ್ ಕುವೈತ್‌ಗೆ ನುಗ್ಗಿತು. ಅಲ್ಲಿ ದುಡಿಯುತ್ತಿದ್ದ ಕರಾವಳಿಯವರೂ ಕೈಯಲ್ಲೊಂದು ಚೀಲ ಹಿಡಿದು ವಾಪಸ್ ಬಂದರು, ಅವರು ಕಳಿಸುತ್ತಿದ್ದ ಹಣ ನಿಂತಿತು, ಎಣ್ಣೆ ಬೆಲೆ ಏರಿತು. 1991ರ ಮಧ್ಯದ ಹೊತ್ತಿಗೆ ದೇಶದ ಹತ್ತಿರ ಎರಡು ಮೂರು ವಾರದ ಆಮದಿಗಾಗುವಷ್ಟು ವಿದೇಶಿ ಹಣ ಮಾತ್ರ ಉಳಿದಿತ್ತು. ಚಂದ್ರಶೇಖರ್ ಅವರದ್ದು ಉಸ್ತುವಾರಿ ಸರ್ಕಾರ, ಚುನಾವಣೆ ಮಧ್ಯೆ ರಾಜೀವ್ ಗಾಂಧಿ ಹತ್ಯೆ. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಲಂಡನ್ನಿಗೆ ಸಾಗಿಸಿ, ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ ಸಾಲ ತಂದಿತು. ಅಷ್ಟರಲ್ಲಿ ನರಸಿಂಹ ರಾವ್ ಪ್ರಧಾನಿಯಾಗಿದ್ದರು, ಮನಮೋಹನ್ ಸಿಂಗ್ ಹಣಕಾಸು ಮಂತ್ರಿ.

ಇದನ್ನು ಬರೆಯುವವರಿಗೆ ನನ್ನದೊಂದು ಬೇಡಿಕೆ ಇದೆ. ಮನಮೋಹನ್ ಸಿಂಗ್ ಬಜೆಟ್ ಭಾಷಣವನ್ನೇ ಕ್ಲೈಮ್ಯಾಕ್ಸ್ ಮಾಡಬೇಡಿ, ಅದು ಎಲ್ಲರಿಗೂ ಗೊತ್ತಿರುವುದು. ಅದಕ್ಕೂ ಮುಂಚೆ, ಸಂಸತ್ತಿನಲ್ಲಿ ಬಹುಮತವಿಲ್ಲದ ಒಂದು ಸರ್ಕಾರದಲ್ಲಿ ಕೂತು, ಮುಂದೆ ಬೈಸಿಕೊಳ್ಳುವುದು ಗೊತ್ತಿದ್ದೂ, ಚಿನ್ನ ಹೊರಗೆ ಕಳಿಸುವ ಫೈಲಿಗೆ ಸಹಿ ಹಾಕಬೇಕಾಗಿ ಬಂದವರ ಮೇಲೆ ಕ್ಯಾಮೆರಾ ಇಡಿ.