ಬಾಯೊಳಗಿನ ಬಿಳಿ ಮಚ್ಚೆ: ಮಾರ್ಕರ್ ಪರೀಕ್ಷೆ ಎಷ್ಟು ಹೇಳೀತು?

ಪ್ರಶ್ನೆ: ನಮ್ಮ ತಂದೆಗೆ 56 ವರ್ಷ. ಎಲೆ-ಅಡಿಕೆ, ಹೊಗೆಸೊಪ್ಪು ಎರಡೂ ಅಭ್ಯಾಸ. ನಾಲಿಗೆಯ ಎಡ ಅಂಚಿನಲ್ಲಿ ಉಗುರಗಲದ ಬಿಳಿ ಮಚ್ಚೆ ಇದೆ, ಬಯಾಪ್ಸಿಯಲ್ಲಿ 'ಮಾಡರೇಟ್ ಡಿಸ್‌ಪ್ಲೇಸಿಯಾ' (ಇನ್ನೂ ಕ್ಯಾನ್ಸರ್ ಅಲ್ಲ, ಆದರೆ ಕೋಶಗಳು ಮಧ್ಯಮ ಮಟ್ಟದಲ್ಲಿ ಸಹಜ ರೂಪ ಕಳೆದುಕೊಂಡಿವೆ) ಬಂದಿದೆ. ಬಯೋಮಾರ್ಕರ್ ಪರೀಕ್ಷೆ (ಕೋಶದ ಜೀನ್, ಪ್ರೋಟೀನುಗಳಲ್ಲಿ ಅಪಾಯದ ಗುರುತು ಹುಡುಕುವುದು) ಮಾಡಿಸಿದರೆ ಕ್ಯಾನ್ಸರ್ ಆಗುತ್ತೋ ಇಲ್ಲವೋ ಮೊದಲೇ ಗೊತ್ತಾಗುತ್ತಂತೆ. ಅಲ್ಲಿಯವರೆಗೆ ಆಪರೇಷನ್ ಮುಂದೂಡಬಹುದೇ?
– ಓದುಗರೊಬ್ಬರು, ಚನ್ನಗಿರಿ

ಉತ್ತರ: ಮುಂದೂಡಬೇಡಿ. ಒಬ್ಬ ರೋಗಿಯ ಮಟ್ಟಿಗೆ 'ಆಗುತ್ತೆ', 'ಆಗಲ್ಲ' ಎಂದು ಖಚಿತವಾಗಿ ಹೇಳುವ ಮಾರ್ಕರ್ ಇನ್ನೂ ಬಂದಿಲ್ಲ. ಇರುವವು ಅಪಾಯದ ಅಂದಾಜು ಕೊಡುತ್ತವೆ, ಅಷ್ಟೆ.

ಹೆಚ್ಚು ಪುರಾವೆ ಇರುವುದು ಎಲ್‌ಒಎಚ್ (ಲಾಸ್ ಆಫ್ ಹೆಟರೋಜೈಗಾಸಿಟಿ, ಅಂದರೆ ಜೋಡಿ ಜೀನಿನಲ್ಲಿ ಒಂದು ಪ್ರತಿ ಕಳೆದುಹೋಗುವುದು) ಪರೀಕ್ಷೆಗೆ. ಜೀವಕೋಶದಲ್ಲಿ ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಜೀನ್‌ಗಳು ಜೋಡಿಯಾಗಿರುತ್ತವೆ. ಕೋಶ ಎಗ್ಗಿಲ್ಲದೆ ಬೆಳೆಯದಂತೆ ಕಡಿವಾಣ ಹಾಕುವ ಕೆಲವು ಜೀನ್‌ಗಳು 3 ಮತ್ತು 9ನೇ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿವೆ. ಮಚ್ಚೆಯ ಕೋಶಗಳಲ್ಲಿ ಆ ಜಾಗದ ಒಂದು ಪ್ರತಿ ಬಿದ್ದುಹೋಗಿದೆಯೇ ಎಂದು ಈ ಪರೀಕ್ಷೆ ನೋಡುತ್ತದೆ. ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಇಪಿಒಸಿ ಎಂಬ ಪ್ರಯೋಗದಲ್ಲಿ, ಮೂರು ವರ್ಷ ಬಾಯಿ ಕ್ಯಾನ್ಸರ್ ಆಗದೆ ಉಳಿದವರು ಎಲ್‌ಒಎಚ್ ಇದ್ದವರಲ್ಲಿ ಶೇ. 74, ಇಲ್ಲದವರಲ್ಲಿ ಶೇ. 87. ಲೆಕ್ಕ ತಿರುಗಿಸಿ ನೋಡಿ: 'ನೆಗೆಟಿವ್' ಬಂದವರಲ್ಲೂ ನೂರಕ್ಕೆ 13 ಮಂದಿಗೆ ಕಾಯಿಲೆ ಬಂತು. (ಮೊದಲೊಮ್ಮೆ ಬಾಯಿ ಕ್ಯಾನ್ಸರ್ ಆಗಿ ವಾಸಿಯಾದವರೂ ಅದರಲ್ಲಿದ್ದರು. ಹಾಗಾಗಿ ಈ ಅಂಕಿಗಳನ್ನು ನಿಮ್ಮ ತಂದೆಯವರಿಗೆ ನೇರವಾಗಿ ಹೊಂದಿಸಬೇಡಿ.) ಎಲ್‌ಒಎಚ್ ಇದ್ದವರಿಗೆ ಕೊಟ್ಟ ಎರ್ಲೋಟಿನಿಬ್ ಎಂಬ ಕ್ಯಾನ್ಸರ್ ಮಾತ್ರೆಯೂ ಕ್ಯಾನ್ಸರ್ ತಡೆಯಲಿಲ್ಲ.

ಇದಕ್ಕಿಂತ ಸುಲಭವಾಗಿ ಆಗುವುದು ಪಿ53 ಬಣ್ಣದ ಪರೀಕ್ಷೆ. ಪಿ53 ಕೂಡ ಕಡಿವಾಣ ಹಾಕುವ ಜೀನ್, ಅದರ ಪ್ರೋಟೀನಿಗೆ ಬಣ್ಣ ಹಿಡಿಸಿ ನೋಡುತ್ತಾರೆ. ಕೋಶಕೇಂದ್ರಗಳು ಅಲ್ಲಲ್ಲಿ ತಿಳಿಕಂದು ಆಗಿದ್ದರೆ ಸಹಜ. ಸಾಲುಸಾಲಾಗಿ ಗಾಢ ಕಂದಾಗಿದ್ದರೆ ಜೀನ್ ಕೆಟ್ಟಿರುವ ಶಂಕೆ. ಒಂದೂ ಬಣ್ಣ ಹಿಡಿಯದೆ ಪೂರ್ತಿ ಖಾಲಿ ಇದ್ದರೂ ಅದೇ ಶಂಕೆ. 'ಪಿ53 ಇಲ್ಲ' ಎಂಬ ಸಾಲು ಓದಿ ಖುಷಿಪಡುವವರು ಎಡವುವುದು ಇಲ್ಲೇ. ಡಿಎನ್‌ಎ ಪ್ಲಾಯ್ಡಿಯದು (ಕೋಶದಲ್ಲಿ ಡಿಎನ್‌ಎ ಪ್ರಮಾಣ ಸಹಜವಾಗಿದೆಯೇ ಎಂದು ಅಳೆಯುವ ಪರೀಕ್ಷೆ) ಬೇರೆಯೇ ಕಥೆ. ಅದನ್ನು ಹಾಡಿಹೊಗಳಿದ್ದ ನಾರ್ವೆಯ ಪ್ರಬಂಧಗಳ ಅಂಕಿಅಂಶ ಕಟ್ಟುಕಥೆಯೆಂದು 2006ರಲ್ಲಿ ಬಯಲಾಯಿತು. ಬೇರೆಯವರ ಅಧ್ಯಯನಗಳಲ್ಲಿ ಅದಕ್ಕೂ ಕ್ಯಾನ್ಸರಿಗೂ ನಂಟು ಕಂಡಿದೆ, ಆದರೆ ಮೊದಲು ಹೇಳಿದಷ್ಟು ಗಟ್ಟಿಯಾಗಿ ಅಲ್ಲ.

ಎಲ್ಲ ಮಾರ್ಕರ್‌ಗಳಿಗೂ ಇರುವ ತೊಡಕು ಒಂದೇ. ತೋಟದ ಒಂದು ಮೂಲೆಯ ಮಣ್ಣು ಪರೀಕ್ಷಿಸಿ ಇಡೀ ತೋಟಕ್ಕೆ ಗೊಬ್ಬರ ಹೇಳಿದ ಹಾಗೆ: 5 ಮಿ.ಮೀ. ತುಂಡಿನಲ್ಲಿ ಇಲ್ಲದ್ದು ಪಕ್ಕದ 5 ಮಿ.ಮೀ.ನಲ್ಲಿ ಇರಬಹುದು. ಮಚ್ಚೆಯಲ್ಲಿ ಕೆಂಪಗೆ, ಒರಟಾಗಿ, ಗಟ್ಟಿಯಾಗಿ ಇರುವ ಜಾಗದಿಂದಲೇ ತುಂಡು ತೆಗೆದಿದ್ದಾರೆಯೇ ಎಂದು ಕೇಳಿ.

ನಾಲಿಗೆಯ ಅಂಚು ಮೊದಲೇ ಅಪಾಯದ ಜಾಗ, ಅದರ ಮೇಲೆ ಮಾಡರೇಟ್ ದರ್ಜೆ. ನಮ್ಮ ಸಲಹೆ, ಮಚ್ಚೆ ಪೂರ್ತಿ ತೆಗೆಸಿ. ತೆಗೆದದ್ದೆಲ್ಲ ಮತ್ತೆ ಪೆಥಾಲಜಿಗೆ ಹೋಗಲಿ, ಆಮೇಲೆ ಮೂರು ತಿಂಗಳಿಗೊಮ್ಮೆ ತೋರಿಸಿ. ತೆಗೆದ ಜಾಗದಲ್ಲೇ ಮತ್ತೆ ಬರುವುದುಂಟು. ದರ್ಜೆಯ ವಿಷಯದಲ್ಲಿ ಇಬ್ಬರು ಪೆಥಾಲಜಿಸ್ಟರು ಒಮ್ಮತಕ್ಕೆ ಬಾರದಿರುವುದು ಮಾಮೂಲು. ದಾವಣಗೆರೆಯ ಡೆಂಟಲ್ ಕಾಲೇಜುಗಳ ಓರಲ್ ಪೆಥಾಲಜಿ ವಿಭಾಗದಲ್ಲಿ ಸ್ಲೈಡ್ ಇನ್ನೊಮ್ಮೆ ಓದಿಸಬಹುದು. ಲ್ಯಾಬ್‌ನಿಂದ ಸ್ಲೈಡ್ ಜೊತೆ ಮೇಣದ ಬ್ಲಾಕ್ (ಬಯಾಪ್ಸಿ ತುಂಡನ್ನು ಹುದುಗಿಸಿಟ್ಟ ಮೇಣದ ಗಟ್ಟಿ) ಕೂಡ ಕೇಳಿ ಪಡೆಯಿರಿ. ಪಿ53 ಬೇಕೆಂದರೆ ಅದರಿಂದಲೇ ಆಗುತ್ತದೆ, ಮತ್ತೆ ಕೊಯ್ಯಬೇಕಿಲ್ಲ.

ಪ್ರಶ್ನೆ: ಬಯಾಪ್ಸಿ ತುಂಡನ್ನು ನಾವೇ ಲ್ಯಾಬಿಗೆ ಒಯ್ಯಬೇಕಂತೆ. ಏನು ಗಮನಿಸಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಗಲ ಬಾಯಿಯ ಡಬ್ಬಿ, ಶೇ. 10ರ ಬಫರ್ಡ್ ಫಾರ್ಮಲಿನ್, ತುಂಡಿನ ಹತ್ತು ಪಟ್ಟಾದರೂ ದ್ರಾವಣ. ಸಲೈನಿನಲ್ಲಿ ಹಾಕಿದರೆ ಕೊಳೆಯುತ್ತದೆ, ಫ್ರೀಜರಿನಲ್ಲಿಟ್ಟರೆ ಐಸ್ ಹರಳು ಕೋಶಗಳನ್ನು ಸೀಳುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ. ಅದೇ ದಿನ, ತಪ್ಪಿದರೆ ಮಾರನೆಯ ದಿನ ತಲುಪಿಸಿ. ವಾರಗಟ್ಟಲೆ ಫಾರ್ಮಲಿನ್‌ನಲ್ಲಿ ನೆನೆದರೆ ಡಿಎನ್‌ಎ ಚೂರುಚೂರಾಗಿ ಮಾರ್ಕರ್ ಪರೀಕ್ಷೆ ಕೈಕೊಡುತ್ತದೆ. ಹೆಸರನ್ನು ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಮೇಲೆ ಬರೆಸಿ, ಮುಚ್ಚಳ ಅದಲುಬದಲಾಗುತ್ತದೆ. ಫಾರಂನಲ್ಲಿ ಎಡವೋ ಬಲವೋ, ಯಾವ ಚಟ, ಎಷ್ಟು ವರ್ಷ ಎಂಬುದಿರಲಿ.

ಪ್ರಶ್ನೆ: ನಾನು ಬರೀ ಅಡಿಕೆ ಜಗಿಯುವವನು, ಹೊಗೆಸೊಪ್ಪು ಮುಟ್ಟಿಲ್ಲ. ಬಾಯಿ ಎರಡು ಬೆರಳಷ್ಟೇ ತೆರೆಯುತ್ತೆ, ಖಾರ ತಡೆಯಲ್ಲ.
– ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್‌ನ (ಬಾಯಿಯ ಒಳಪದರದಡಿ ನಾರು ಬೆಳೆದು ಬಿಗಿದುಕೊಳ್ಳುವ ಕಾಯಿಲೆ) ಲಕ್ಷಣ. ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ನಾಡಿನಲ್ಲಿ ಈ ಮಾತು ಯಾರಿಗೂ ರುಚಿಸದು, ಆದರೂ ಇಂದೇ ಬಿಡಿ. ಬಿಟ್ಟರೆ ಉರಿ ಇಳಿಯಬಹುದು, ಬಿಗಿದುಕೊಂಡ ನಾರು ಮಾತ್ರ ತಾನಾಗಿ ಸಡಿಲವಾಗದು. ಮೊದಲು ದಂತ ವೈದ್ಯರಿಗೆ ತೋರಿಸಿ. ಆಮೇಲೆ ತಿಂಗಳಿಗೊಮ್ಮೆ ಕನ್ನಡಿ ಮುಂದೆ ಮೇಲಿನ-ಕೆಳಗಿನ ಮುಂಬಲ್ಲುಗಳ ನಡುವೆ ಸ್ಕೇಲ್ ಹಿಡಿದು ಮಿ.ಮೀ. ಬರೆದಿಡಿ. ಅಂತರ ಕುಗ್ಗುತ್ತ ಹೋದರೆ, ಅಥವಾ ಕೆಂಪು ಕಲೆಯಾಗಲಿ ಹುಣ್ಣಾಗಲಿ ಎರಡು ವಾರ ದಾಟಿದರೆ, ಆ ಚೀಟಿ ಸಮೇತ ಹೋಗಿ.